ಖಾಲಿ ಹಾಸಿಗೆಗೂ ಬಿಲ್

19 ಅಕ್ಟೋಬರ್ 2024, ಶನಿವಾರ
ಫೀನಿಕ್ಸ್, ಅರಿಝೋನಾ

ಮಧ್ಯಾಹ್ನವೆಲ್ಲ ಕಿಂಗ್‌ಮನ್ ಜೈಲಿನ ಹಳೇ ಸುದ್ದಿ ಓದುತ್ತಾ ಕೂತಿದ್ದೆ. ಇಲ್ಲಿಂದ ಲಾಸ್ ವೇಗಸ್‌ಗೆ ಹೋಗುವ ಕನ್ನಡದವರಿಗೆಲ್ಲ ಆ ಊರು ಗೊತ್ತು. ಕಾರಿಗೆ ಪೆಟ್ರೋಲ್, ನಮಗೆ ಕಾಫಿ. ಊರಾಚೆ ಖಾಸಗಿ ಕಂಪನಿ ನಡೆಸುವ ಜೈಲು ಇರುವುದು ಬಹಳ ಜನರಿಗೆ ಗೊತ್ತಿಲ್ಲ.

2010ರ ಜುಲೈ 30ರಂದು ಅಲ್ಲಿಂದ ಮೂವರು ಖೈದಿಗಳು ಬೇಲಿ ಕತ್ತರಿಸಿ ಓಡಿಹೋದರು. ಅವರಲ್ಲಿ ಇಬ್ಬರಿದ್ದ ಗುಂಪು ನ್ಯೂ ಮೆಕ್ಸಿಕೋದಲ್ಲಿ ಒಬ್ಬ ಗಂಡ ಹೆಂಡತಿಯನ್ನು ಕೊಂದಿತು. ರಜೆ ಕಳೆಯಲು ಹೊರಟಿದ್ದ ವಯಸ್ಸಾದವರು, ಪಾಪ. ಜೈಲಿನ ಅಲಾರಂ ಸುಮ್ಸುಮ್ನೆ ಹೊಡೆದುಕೊಳ್ಳುತ್ತಿತ್ತಂತೆ, ಕಾವಲಿನವರು ಅದಕ್ಕೆ ಕಿವಿಗೊಡುವುದನ್ನೇ ಬಿಟ್ಟಿದ್ದರಂತೆ.

ರಾಜ್ಯ ಸರ್ಕಾರ ಅಪಾಯಕಾರಿ ಖೈದಿಗಳನ್ನು ಬೇರೆ ಕಡೆ ಸಾಗಿಸಿತು, ಹೊಸಬರನ್ನು ಕಳಿಸುವುದನ್ನು ನಿಲ್ಲಿಸಿತು. ಸರಿಯಾದ ಕೆಲಸವೇ. ಆದರೆ ಕಂಪನಿಯ ಜೊತೆಗಿನ ಕಾಂಟ್ರ್ಯಾಕ್ಟ್‌ನಲ್ಲಿ ಶೇ. 97ರಷ್ಟು ಹಾಸಿಗೆ, ಅಂದರೆ ಖೈದಿಗಳ ಜಾಗ, ತುಂಬಿರಲೇಬೇಕು ಎಂಬ ಮಾತಿತ್ತು. ಮದುವೆಗೆ ಜನ ಬಾರದಿದ್ದರೂ ಅಡುಗೆಯವರಿಗೆ ಒಪ್ಪಿಕೊಂಡಷ್ಟು ಎಲೆ ಲೆಕ್ಕದ ದುಡ್ಡು ಕೊಡುತ್ತೇವಲ್ಲ, ಹಾಗೆ. ಜೈಲು ನಡೆಸುತ್ತಿದ್ದ ಎಂಟಿಸಿ ಎಂಬ ಕಂಪನಿ ನಷ್ಟ ತುಂಬಿಕೊಡಿ ಎಂದು ಕೇಳಿತು. ಖಾಲಿ ಹಾಸಿಗೆಗಳಿಗೆ ಸರ್ಕಾರ ಸುಮಾರು 30 ಲಕ್ಷ ಡಾಲರ್ ಕೊಟ್ಟಿತು! ಖೈದಿಗಳು ತಪ್ಪಿಸಿಕೊಂಡದ್ದು ಕಂಪನಿಯ ಕಾವಲಿನಿಂದ, ದುಡ್ಡು ಹೋದದ್ದು ಜನರ ತೆರಿಗೆಯಿಂದ. ಇದನ್ನು ಓದಿ ನನಗೆ ಸಿಟ್ಟು ಇನ್ನೂ ಇಳಿದಿಲ್ಲ.

ಖಾಸಗಿಯವರಿಗೆ ಕೊಟ್ಟರೆ ಉಳಿತಾಯವಾಗಲೇಬೇಕು ಎಂದು ಅರಿಝೋನಾದ ಕಾನೂನೇ ಹೇಳುತ್ತದೆ. ಓಹಾಯೋದಲ್ಲಿ ಶೇ. 5, ಫ್ಲೋರಿಡಾದಲ್ಲಿ ಶೇ. 7 ಎಂದು ಲೆಕ್ಕವನ್ನೂ ಕಟ್ಟಿದ್ದಾರೆ. ಆದರೆ ಲೆಕ್ಕ ನೋಡುವವರು ಯಾರು? ಇಲ್ಲಿನ ಖಾಸಗಿ ಜೈಲುಗಳು ಕಾಯಿಲೆ ಜಾಸ್ತಿ ಇರುವ ಖೈದಿಗಳನ್ನು ತೆಗೆದುಕೊಳ್ಳುತ್ತಿರಲಿಲ್ಲ. ಅವರ ಆಸ್ಪತ್ರೆ ಖರ್ಚೆಲ್ಲ ಸರ್ಕಾರಿ ಜೈಲಿನ ತಲೆಗೆ. ಹೀಗಿದ್ದರೆ ಖಾಸಗಿ ಜೈಲು ಅಗ್ಗ ಎಂದು ಕಾಣದೆ ಇನ್ನೇನು, ಅಲ್ವಾ? ಜೈಲು ಇಲಾಖೆಯೇ ಆ ವ್ಯತ್ಯಾಸ ಕಳೆದು ನೋಡಿದಾಗ, ಮಧ್ಯಮ ಭದ್ರತೆಯ ಹಾಸಿಗೆಗಳಲ್ಲಿ ಖಾಸಗಿಯದ್ದೇ ದುಬಾರಿ ಎಂದು ಬಂತು. 2012ರ ಬಜೆಟ್ ಸಮಯದಲ್ಲಿ ಶಾಸಕರು ಆ ಹೋಲಿಕೆ ಮಾಡಬೇಕೆಂಬ ನಿಯಮವನ್ನೇ ತೆಗೆದುಹಾಕಿದರು.

2015ರ ಜುಲೈನಲ್ಲಿ ಅದೇ ಕಿಂಗ್‌ಮನ್ ಜೈಲಿನಲ್ಲಿ ದೊಡ್ಡ ಗಲಭೆಯಾಯಿತು. ಆಗ ಎಂಟಿಸಿಯ ಕಾಂಟ್ರ್ಯಾಕ್ಟ್ ರದ್ದಾಯಿತು. ಜೈಲು ಮಾತ್ರ ಸರ್ಕಾರದ ಕೈಗೆ ಬರಲಿಲ್ಲ, ಜಿಯೋ ಗ್ರೂಪ್ ಎಂಬ ಇನ್ನೊಂದು ಕಂಪನಿಗೆ ಹೋಯಿತು.

ನಮ್ಮ ಕ್ಷೇತ್ರದ ಶಾಸಕರಿಗೆ ಪತ್ರ ಬರೆಯುತ್ತಿದ್ದೇನೆ. ಇದ್ದ ಖೈದಿಗಳಿಗೆ ಮಾತ್ರ ದುಡ್ಡು ಕೊಡಿ, ಕಾಯಿಲೆಯವರ ಖರ್ಚನ್ನೂ ಸೇರಿಸಿ ಪ್ರತಿ ವರ್ಷ ಲೆಕ್ಕ ಜನರ ಮುಂದಿಡಿ ಎಂದು. ನಾಳೆ ಕಳಿಸುತ್ತೇನೆ.