ಕೊಲೆ ಕೇಸಿನಲ್ಲಿ ಲ್ಯಾಪ್‌ಟಾಪ್ ಯಾರ ಕೈಯಲ್ಲಿತ್ತು?

ಕಂಪನಿಯ ಡಿಸೈನ್ ಫೈಲುಗಳನ್ನು ಕದ್ದು ಎದುರಾಳಿ ಕಂಪನಿಗೆ ಕೊಟ್ಟ, ಅದು ಗೊತ್ತಾದ ಮ್ಯಾನೇಜರನ್ನು ಕೊಂದ. ಇಂಥ ಚಾರ್ಜ್‌ಶೀಟ್ ಓದಿದ ಕೂಡಲೇ ಎಲ್ಲರೂ ಮೋಟಿವ್ ಹಿಂದೆ ಬೀಳುತ್ತಾರೆ. ಬೆಂಗಳೂರಿನ ಸೆಷನ್ಸ್ ಕೋರ್ಟಿನಲ್ಲಿ ಕ್ರಿಮಿನಲ್ ವಕೀಲನಾಗಿ ನಾನು ಕಲಿತದ್ದು ಬೇರೆ. ಇಂಥ ಕೇಸು ನಿಲ್ಲುವುದೂ ಬೀಳುವುದೂ ಮಹಜರಿನ ಮೇಲೆ, ವಸ್ತು ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ಬರೆದಿಟ್ಟ ಕಾಗದಗಳ ಮೇಲೆ.

ಮೋಟಿವ್ ಬೇಡ ಅಂತಲ್ಲ. ಕಣ್ಣಾರೆ ಕಂಡವರು ಇಲ್ಲದಾಗ ಅದೂ ಒಂದು ಕೊಂಡಿ. ಆದರೆ ಸಾಂದರ್ಭಿಕ ಸಾಕ್ಷ್ಯದ ಸರಪಳಿ ಎಲ್ಲೂ ತುಂಡಾಗಿರಬಾರದು, ಅನುಮಾನ ಎಷ್ಟೇ ಬಲವಾಗಿದ್ದರೂ ಪುರಾವೆಯ ಜಾಗಕ್ಕೆ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1984ರಲ್ಲೇ ಶರದ್ ಬಿರ್ಧಿಚಂದ್ ಸಾರ್ದಾ ಕೇಸಿನಲ್ಲಿ ಹೇಳಿದೆ. ಕೊಲೆ ಕೇಸು ನಡೆಸುವ ಪ್ರತಿ ವಕೀಲನ ಫೈಲಿನಲ್ಲೂ ಆ ತೀರ್ಪಿನ ಪ್ರತಿ ಇರುತ್ತದೆ.

ಹೆಸರು, ಗುರುತು ಬಿಟ್ಟು ಒಂದು ಕೇಸಿನ ವಿಷಯ ಹೇಳುತ್ತೇನೆ. ನಾವು ಆರೋಪಿ ಪರ ಇದ್ದೆವು. ಪೊಲೀಸರ ಮುಖ್ಯ ಸಾಕ್ಷ್ಯ ಅವನ ಲ್ಯಾಪ್‌ಟಾಪ್. ಫೈಲು ಕಳಿಸಿದ ಮೇಲ್‌ಗಳು ಅದರಲ್ಲೇ ಸಿಕ್ಕಿದವು ಅಂತ ಅವರ ವಾದ. ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದಿಂದ (ಎಫ್‌ಎಸ್‌ಎಲ್) ಬಂದ ವರದಿ ದಪ್ಪಗಿತ್ತು. ಕೊನೆಯ ಪುಟಗಳಲ್ಲಿ ಲಾಗಿನ್ ಸಮಯಗಳ ಪಟ್ಟಿ. ಯಾರೂ ಓದದ ಭಾಗ ಅದು. ಮಹಜರು ಮಾಡಿ ಲ್ಯಾಪ್‌ಟಾಪ್ ಜಪ್ತಿ ಮಾಡಿದ್ದು ಸಂಜೆ. ಪಟ್ಟಿಯಲ್ಲಿ ಮಾರನೇ ದಿನ ಬೆಳಗ್ಗೆ ಒಂದು ಲಾಗಿನ್. ಆಗ ಆರೋಪಿ ಲಾಕಪ್ಪಿನಲ್ಲಿದ್ದ!

ತನಿಖಾಧಿಕಾರಿಯ ಪಾಟೀ ಸವಾಲಿನಲ್ಲಿ ನಮ್ಮ ಸೀನಿಯರ್ ಕೇಳಿದ್ದು ಇಷ್ಟೇ.

"ಮಹಜರು ಆದಮೇಲೆ ಲ್ಯಾಪ್‌ಟಾಪ್ ಎಲ್ಲಿತ್ತು?"

"ಠಾಣೆಯಲ್ಲಿ."

"ಸೀಲ್ ಹಾಕಿದ್ರಾ?"

"ಹಾಕಿದ್ದೆವು."

"ಹಾಗಾದ್ರೆ ಬೆಳಗ್ಗೆ ಲಾಗಿನ್ ಆದವರು ಯಾರು?"

"ಪರಿಶೀಲನೆಗೆ ಸಿಬ್ಬಂದಿ ತೆರೆದಿರಬಹುದು."

ಆ ಸಾಲು ಹಾಗೇ ಟೈಪ್ ಆಯಿತು. ಅಲ್ಲಿಗೆ ಆ ಮೇಲ್‌ಗಳನ್ನು ನಂಬುವುದು ಕಷ್ಟವಾಯಿತು. ಉಳಿದದ್ದು ಮೊಬೈಲ್ ಟವರ್ ಲೊಕೇಶನ್. ಇಬ್ಬರ ಆಫೀಸೂ ಒಂದೇ, ಟವರೂ ಒಂದೇ, ಅದರಿಂದ ಏನು ಸಾಬೀತಾಗುತ್ತದೆ? ಸಂಶಯದ ಲಾಭ ಕೊಟ್ಟು ಬಿಡುಗಡೆ ಆಯಿತು.

ನಾವು ಗೆದ್ದೆವು, ನಿಜ. ಆದರೆ ತೀರಿಕೊಂಡವರ ಹೆಂಡತಿ ಪ್ರತಿ ವಾಯಿದೆಗೂ ಬಂದು ಕೂತಿರುತ್ತಿದ್ದರು. ಅವರ ಗಂಡನನ್ನು ಕೊಂದವರು ಯಾರು ಅನ್ನುವುದಕ್ಕೆ ಉತ್ತರ ಸಿಗಲೇ ಇಲ್ಲ. ಕುತೂಹಲಕ್ಕೆ ಯಾರೋ ಲ್ಯಾಪ್‌ಟಾಪ್ ಆನ್ ಮಾಡಿದ್ದರಿಂದ ಆ ಕುಟುಂಬಕ್ಕೂ ಅನ್ಯಾಯ, ನಿರಪರಾಧಿ ಆಗಿದ್ದರೆ ವರ್ಷಗಟ್ಟಲೆ ಕೋರ್ಟು ಸುತ್ತಿದ ಆರೋಪಿಗೂ ಅನ್ಯಾಯ. ಇದು ನನಗೆ ಈಗಲೂ ಸಿಟ್ಟು ತರಿಸುವ ವಿಷಯ.

ಕಾನೂನು ಈ ವಿಷಯದಲ್ಲಿ ಸಾಕಷ್ಟು ಹಿಂದೆ ಮುಂದೆ ಓಡಾಡಿದೆ. ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯನ್ನು ಎಲ್ಲಿಂದ, ಹೇಗೆ ತೆಗೆದದ್ದು ಅಂತ ದೃಢೀಕರಿಸುವ, ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಸರ್ಟಿಫಿಕೇಟ್ ಕಡ್ಡಾಯ ಅಂತ 2014ರ ಅನ್ವರ್ ತೀರ್ಪು ಹೇಳಿತು, 2018ರಲ್ಲಿ ಸ್ವಲ್ಪ ಸಡಿಲವಾಯಿತು, 2020ರ ಅರ್ಜುನ್ ಪಂಡಿತರಾವ್ ತೀರ್ಪಿನಲ್ಲಿ ಮತ್ತೆ ಬಿಗಿಯಾಯಿತು. ಮೂಲ ಸಾಧನವನ್ನೇ ಹಾಜರುಪಡಿಸಿ ಸಾಬೀತು ಮಾಡಿದರೆ ಸರ್ಟಿಫಿಕೇಟ್ ಬೇಡ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನಲ್ಲಿ ಸರ್ಟಿಫಿಕೇಟಿಗೆ ಎರಡು ಭಾಗ: ಒಂದನ್ನು ಪಕ್ಷಕಾರರ ಕಡೆಯವರು ತುಂಬಬೇಕು, ಇನ್ನೊಂದನ್ನು ಪರಿಣತರು. ಹ್ಯಾಶ್ ವ್ಯಾಲ್ಯೂ ಕೂಡ ಬರೆಯಬೇಕು. ಅದು ಫೈಲಿನ ಬೆರಳಚ್ಚು ಇದ್ದ ಹಾಗೆ, ಒಂದು ಅಕ್ಷರ ಬದಲಾದರೂ ಬೇರೆಯಾಗುತ್ತದೆ. ಜಪ್ತಿ ಮಾಡಿದ ದಿನವೇ ಅದನ್ನು ಬರೆದಿಟ್ಟಿದ್ದರೆ ನಮ್ಮ ಕೇಸಿನಲ್ಲಿ ಯಾವ ಫೈಲು ಮುಟ್ಟಿದ್ದು, ಯಾವುದು ಮುಟ್ಟದ್ದು ಅಂತ ನೋಡಬಹುದಿತ್ತು.

ಗೂಢಚರ್ಯೆ ಅಂದರೆ ಎಲ್ಲವೂ ಕಂಪ್ಯೂಟರಿನಲ್ಲೇ ನಡೆಯುತ್ತದೆ ಅಂದುಕೊಳ್ಳಬೇಡಿ. 2015ರ ಫೆಬ್ರವರಿಯಲ್ಲಿ ದೆಹಲಿಯ ಶಾಸ್ತ್ರಿ ಭವನದಿಂದ ಪೆಟ್ರೋಲಿಯಂ ಸಚಿವಾಲಯದ ಕಾಗದಗಳು ಸೋರಿದ ಕೇಸಿನಲ್ಲಿ ಪೊಲೀಸರು ಹೇಳಿದ್ದು ನಕಲಿ ಕೀಲಿ ಮತ್ತು ಜೆರಾಕ್ಸ್ ಬಗ್ಗೆ. ಅಲ್ಲೂ ಅದೇ ಪ್ರಶ್ನೆ, ಯಾವ ಕಾಗದ ಯಾರ ಹತ್ತಿರ ಎಷ್ಟು ಹೊತ್ತಿಗೆ ಇತ್ತು?

ಕಂಪನಿಗಳಲ್ಲಿ ಇರುವವರಿಗೆ ಒಂದು ಮಾತು. ಡೇಟಾ ಕಳುವಾಗಿದೆ ಅನ್ನಿಸಿದರೆ ಆ ಲ್ಯಾಪ್‌ಟಾಪನ್ನು ನಿಮ್ಮ ಐಟಿ ಹುಡುಗರ ಕೈಗೆ ಸುಮ್ನೆ ನೋಡೋಕೆ ಅಂತ ಕೊಡಬೇಡಿ. ತೆಗೆದಿಟ್ಟವರ ಹೆಸರು, ಸಮಯ ಬರೆದು, ಸಹಿ ಹಾಕಿಸಿ ಬೀರುವಿನಲ್ಲಿಟ್ಟು ಬೀಗ ಹಾಕಿ. ಕೆಲಸ ಬಿಟ್ಟವರ ಲ್ಯಾಪ್‌ಟಾಪನ್ನು ಮರುದಿನವೇ ಫಾರ್ಮ್ಯಾಟ್ ಮಾಡಿ ಹೊಸಬರಿಗೆ ಕೊಡುವ ಅಭ್ಯಾಸ ಇದ್ದರೆ, ಅನುಮಾನ ಇರುವವರ ವಿಷಯದಲ್ಲಾದರೂ ನಿಲ್ಲಿಸಿ.