ಕೇಪ್ ಸ್ಪಿಯರ್‌ನಲ್ಲಿ ಒಂದು ಸಂಜೆ

ಕೇಪ್ ಸ್ಪಿಯರ್ ಕೆನಡಾದ ಪೂರ್ವದ ಕಟ್ಟಕಡೆಯ ನೆಲ. ಜನ ಅಲ್ಲಿಗೆ ಹೋಗುವುದು ಸೂರ್ಯೋದಯ ನೋಡಲು. 2023ರ ಅಕ್ಟೋಬರಿನಲ್ಲಿ ನಾನು ಹೋದದ್ದು ಸಂಜೆಗೆ, ಅದೂ ಮುಳುಗುವ ಸೂರ್ಯನಿಗೆ ಬೆನ್ನು ಹಾಕಿ, ಕೈಯಲ್ಲೊಂದು ರೇಡಿಯೊ ಹಿಡಿದು ಕಡಲಾಚೆಯ ಬಾನುಲಿ ಕೇಂದ್ರಗಳನ್ನು ಕೇಳುತ್ತಾ ಕೂರುವುದಕ್ಕೆ.

ಬೆಳಗ್ಗೆ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಸೇಂಟ್ ಜಾನ್ಸ್ ನಗರದ ಸಿಗ್ನಲ್ ಹಿಲ್ ಹತ್ತಿದ್ದೆ. 1901ರ ಡಿಸೆಂಬರ್ 12ರಂದು ರೇಡಿಯೊದ ಆದ್ಯರಲ್ಲಿ ಒಬ್ಬನಾದ ಮಾರ್ಕೋನಿ ಅಲ್ಲಿ ಗಾಳಿಪಟಕ್ಕೆ ತಂತಿ ಕಟ್ಟಿ ಹಾರಿಸಿ, ಇಂಗ್ಲೆಂಡಿನ ಪೋಲ್ಡುವಿನಿಂದ ಹೊರಟ ಮೋರ್ಸ್ ಸಂಕೇತದ ಮೂರು ಚುಕ್ಕೆಗಳನ್ನು ಕೇಳಿದೆನೆಂದ. ನಡುವೆ ಸುಮಾರು 3,500 ಕಿಲೋಮೀಟರ್ ನೀರು. ಅವನು ಕೇಳಿದೆನೆಂದದ್ದು ನಡುಹಗಲಲ್ಲಿ. ಆ ಹೊತ್ತಿಗೆ ಅಯಾನುಗೋಳದ (ವಾತಾವರಣದ ಮೇಲ್ಭಾಗದ ವಿದ್ಯುದಾವೇಶಗೊಂಡ ವಲಯದ) ಕೆಳಪದರ ಇಂಥ ತರಂಗಗಳನ್ನು ನುಂಗಿಬಿಡುತ್ತದೆ. ಆದ್ದರಿಂದ ಅವನು ನಿಜಕ್ಕೂ ಕೇಳಿದನೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆ ಬೆಟ್ಟದ ಗಾಳಿಗೆ ಮೈಯೊಡ್ಡಿ ನಿಂತಾಗ ನನಗೆ ಚರ್ಚೆ ನೆನಪಾಗಲಿಲ್ಲ. ಚಳಿಗಾಲದಲ್ಲಿ ಆ ಗಾಳಿಪಟದ ಹಗ್ಗ ಹಿಡಿದವರ ಅಂಗೈಗಳು ಏನಾಗಿದ್ದವೋ ಎನಿಸಿತು.

ಅಲ್ಲಿಂದ ಕೇಪ್ ಸ್ಪಿಯರ್‌ಗೆ ಕಾರಿನಲ್ಲಿ ಹೆಚ್ಚು ಹೊತ್ತಿಲ್ಲ. 1836ರ ದೀಪಸ್ತಂಭ, ಎರಡನೇ ಮಹಾಯುದ್ಧದ ಫಿರಂಗಿ ನೆಲೆ, ಆಮೇಲೆ ಬರೀ ಬಂಡೆ. ಕಾರಿನ ಬಳಿ ರೇಡಿಯೊ ಹಾಕಿ ನೋಡಿ, ನೀರಿನತ್ತ ನಡೆಯುತ್ತಾ ಮತ್ತೆ ಮತ್ತೆ ಕೇಳಿದೆ. ಹತ್ತಿರ ಹೋದಷ್ಟೂ ಕ್ಷೀಣ ಧ್ವನಿಗಳಿಗೆ ಜೀವ ಬಂತು. ಉಪ್ಪುನೀರು ಕಲ್ಲುನೆಲಕ್ಕಿಂತ ಸಾವಿರಾರು ಪಟ್ಟು ಉತ್ತಮ ವಾಹಕ. ದಿಗಂತವನ್ನು ಸವರಿಕೊಂಡು ಬರುವ ತರಂಗ ನೀರಿನ ಮೇಲೆ ಹೆಚ್ಚು ಸೊರಗುವುದಿಲ್ಲ. ಆದರೆ ಬಂಡೆಯ ಅಂಚಿಗೆ ಹೋಗಬಾರದು. ಅಲೆ ಎಳೆದೊಯ್ಯುತ್ತದೆಂಬ ಫಲಕಗಳಿವೆ, ಅವನ್ನು ನಂಬಬೇಕು.

ಐದೂಕಾಲಕ್ಕೆ ಕುಳಿತೆ. ನನ್ನ ಬೆನ್ನಿಗೆ ಇನ್ನೂ ಬಿಸಿಲಿತ್ತು; ಎದುರಿನ ಸಮುದ್ರದ ಆಚೆಗೆ ಆಗಲೇ ರಾತ್ರಿ. ಕತ್ತಲಲ್ಲಿ ಆ ನುಂಗುವ ಪದರ ಕರಗುತ್ತದೆ; ಕೇಳುಗರಿಗೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಅಮೆರಿಕ ಖಂಡಗಳಲ್ಲಿ ಮಧ್ಯಮ ತರಂಗದ (ಎಎಂ) ಕೇಂದ್ರಗಳು 10 ಕಿಲೋಹರ್ಟ್ಸ್ ಅಂತರದಲ್ಲಿರುತ್ತವೆ, ಯುರೋಪಿನಲ್ಲಿ 9. ಹಾಗಾಗಿ 690 ಮತ್ತು 700ರ ಸಂದಿಯಲ್ಲಿ 693 ಇಣುಕುತ್ತದೆ. ಈ ಲೆಕ್ಕ ಇಲ್ಲದಿದ್ದರೆ ಕಡಲಾಚೆಯ ಎಷ್ಟೋ ಧ್ವನಿಗಳು ಇಲ್ಲಿನ ಕೇಂದ್ರಗಳ ಅಡಿ ಹೂತುಹೋಗುತ್ತಿದ್ದವು. 693ಕ್ಕೆ ತಿರುಗಿಸಿದೆ. ಮೊದಲು ಬರೀ ಮೊರೆತ. ಆಮೇಲೆ ಅಲೆಯಂತೆ ಏರಿಳಿಯುತ್ತಾ ಜನಸಂದಣಿಯ ಕೂಗು, ಅದರ ಮೇಲೊಬ್ಬ ಅವಸರದ ಇಂಗ್ಲಿಷ್ ದನಿ. ಬಿಬಿಸಿ ರೇಡಿಯೊ 5 ಲೈವ್, ಫುಟ್‌ಬಾಲ್ ವೀಕ್ಷಕ ವಿವರಣೆ. ಯಾರು ಗೆದ್ದರೆಂದು ತಿಳಿಯುವ ಮೊದಲೇ ದನಿ ಮುಳುಗಿತು.

1215ರಲ್ಲಿ ಏನೂ ಇರಲಿಲ್ಲ. ಬ್ರಿಟನ್ನಿನ ಅಬ್ಸೊಲ್ಯೂಟ್ ರೇಡಿಯೊ ಅದೇ ವರ್ಷದ ಜನವರಿಯಲ್ಲಿ ಮಧ್ಯಮ ತರಂಗ ತೊರೆದಿತ್ತು. ಗೊತ್ತಿದ್ದೂ ಅಲ್ಲಿ ಒಂದು ನಿಮಿಷ ನಿಂತೆ. ಜರ್ಮನಿಯ ಡಾಯ್ಚ್‌ಲಾಂಡ್‌ಫುಂಕ್ 2015ರ ಕೊನೆಯಲ್ಲೇ ಹೋಗಿತ್ತು. ಹೋದವುಗಳ ಜಾಗ ನನಗೆ ಅಂಕಿಗಳಾಗಿ ನೆನಪಿದೆ. ಆ ಅಂಕಿಗಳನ್ನು ದಾಟುವಾಗ ಈಗಲೂ ಬೆರಳು ತಡೆಯುತ್ತದೆ.

ಕತ್ತಲಾಯಿತು. 585ನ್ನು ಹುಡುಕುವುದೇ ಕಷ್ಟ, ಏಕೆಂದರೆ ನಗರದ 590 ಪಕ್ಕದಲ್ಲೇ ಅಬ್ಬರಿಸುತ್ತದೆ. ರೇಡಿಯೊದೊಳಗೆ ಆಂಟೆನಾ ಆಗಿರುವ ಫೆರೈಟ್ ಕಡ್ಡಿಯ ತುದಿ ಯಾವ ಕೇಂದ್ರದತ್ತ ನೆಟ್ಟಿರುತ್ತದೋ ಆ ಕೇಂದ್ರ ಕುಗ್ಗುತ್ತದೆ. ಮೊಣಕಾಲ ಮೇಲೆ ರೇಡಿಯೊ ಇಟ್ಟುಕೊಂಡು ಕೂದಲೆಳೆಯಷ್ಟು ಕೂದಲೆಳೆಯಷ್ಟು ಹೊರಳಿಸಿದೆ. ಒಂದು ಕೋನದಲ್ಲಿ 590 ತಟ್ಟನೆ ಇಳಿಯಿತು. ಅಲುಗಾಡಿದರೆ ಮತ್ತೆ ಬರುತ್ತದೆಂದು ಉಸಿರು ಬಿಗಿಹಿಡಿದೆ. ಸಂದಿಯಿಂದ ಸ್ಪ್ಯಾನಿಷ್ ಮಾತು ಎದ್ದಿತು. ಹೆಣ್ಣು ದನಿ, ಅವಸರವಿಲ್ಲದ್ದು.

ನ್ಯೂಫೌಂಡ್‌ಲ್ಯಾಂಡಿನ ಗಡಿಯಾರ ಅರ್ಧ ಗಂಟೆಯ ಲೆಕ್ಕದ್ದು. ಕೆನಡಾದ ಬಾನುಲಿಗಳಲ್ಲಿ ಕಾರ್ಯಕ್ರಮದ ವೇಳೆ ಹೇಳಿ, 'ನ್ಯೂಫೌಂಡ್‌ಲ್ಯಾಂಡಿನಲ್ಲಿ ಅರ್ಧ ಗಂಟೆ ತಡವಾಗಿ' ಎಂದು ಸೇರಿಸುವ ರೂಢಿಯಿದೆ. ಹಾಗಾಗಿ ನನ್ನ ಕೈಗಡಿಯಾರದಲ್ಲಿ ಆರೂವರೆಯಾದಾಗ ಸ್ಪೇನಿನಲ್ಲಿ ರಾತ್ರಿ ಸರಿಯಾಗಿ ಹನ್ನೊಂದು. ಟಿಕ್ ಟಿಕ್ ಎಂದು ಸಮಯದ ಸದ್ದು ಬಂತು, ಕೊನೆಯದು ಉದ್ದ. ಬೆನ್ನಿಗೇ ಸ್ಪೇನಿನ ರಾಷ್ಟ್ರೀಯ ಬಾನುಲಿಯ ಮಾತು: ಹನ್ನೊಂದು ಗಂಟೆ, ಕ್ಯಾನರಿ ದ್ವೀಪಗಳಲ್ಲಿ ಒಂದು ಗಂಟೆ ಕಡಿಮೆ.

ಮರಗಟ್ಟಿದ ಬೆರಳಲ್ಲಿ ಪುಸ್ತಕಕ್ಕೆ ಬರೆದುಕೊಂಡೆ: 585, ಗ್ರೀನಿಚ್ ವೇಳೆ 21:00, ಸ್ಪೇನ್. ಕೆಳಗೆ ಅಲೆ ಬಂಡೆಗೆ ಬಡಿಯುತ್ತಲೇ ಇತ್ತು. ವಾರ್ತೆ ಮುಗಿಯುವವರೆಗೂ ರೇಡಿಯೊ ಅಲುಗಿಸಲಿಲ್ಲ.