ಮೂರನೇ ದಿನ ಹೋದೆ, ಮೊದಲ ದಿನವೇ ಹೋಗಬೇಕಿತ್ತು

ಓದಲು ಅಮೆರಿಕಕ್ಕೆ ಬಂದ ಮೊದಲ ಚಳಿಗಾಲ. ಫೆಬ್ರವರಿಯ ಒಂದು ಸಂಜೆ ಲೈಬ್ರರಿಯಲ್ಲಿ ಕೂತಿದ್ದೆ. ಇದ್ದಕ್ಕಿದ್ದಂತೆ ಮೈ ನಡುಗಲು ಶುರುವಾಯಿತು. ರೂಮಿಗೆ ಬರುವಷ್ಟರಲ್ಲಿ 102 ಡಿಗ್ರಿ ಜ್ವರ. ನೆಗಡಿಯಾದರೆ ಮೂಗು, ಗಂಟಲು ಅಂತ ಮೆಲ್ಲಗೆ ಬರುತ್ತದೆ. ಫ್ಲೂ ಒಂದೇ ಏಟಿಗೆ ಮಲಗಿಸಿಬಿಡುತ್ತದೆ. ಕಣ್ಣು ಹೊರಳಿಸಿದರೂ ನೋವು.

ಎರಡು ದಿನ ಡಾಕ್ಟರ ಹತ್ತಿರ ಹೋಗಲಿಲ್ಲ. ಬಿಲ್ಲಿನ ಭಯ. ಇಲ್ಲಿ ಆಸ್ಪತ್ರೆಗೆ ಹೋದರೆ ಸಾಲ ಆಗುತ್ತೆ ಅಂತ ಬರುವ ಮೊದಲೇ ಕೇಳಿದ್ದೆ, ಅದೇ ತಲೆಯಲ್ಲಿ ಕೂತಿತ್ತು. ಮೂರನೇ ದಿನ ರೂಮ್‌ಮೇಟ್ ಕೇಳಲಿಲ್ಲ, ಕ್ಯಾಂಪಸ್‌ನ ಹೆಲ್ತ್ ಸೆಂಟರಿಗೆ ಕರೆದುಕೊಂಡು ಹೋದ. ಬಾಗಿಲಲ್ಲೇ ಮಾಸ್ಕ್ ಕೊಟ್ಟರು, ಉಳಿದವರಿಂದ ದೂರ ಕೂರಿಸಿದರು. ಮೂಗಿನಿಂದ ಸ್ವಾಬ್ ತೆಗೆದ ಸ್ವಲ್ಪ ಹೊತ್ತಿಗೆ ಇನ್‌ಫ್ಲುಯೆಂಜಾ ಎ, ಅಂದರೆ ಫ್ಲೂನ ಒಂದು ಬಗೆ, ಅಂತ ಗೊತ್ತಾಯಿತು.

"ಜ್ವರ ಯಾವಾಗ ಬಂತು?" ಎಂದು ನರ್ಸ್ ಎರಡು ಸಲ ಕೇಳಿದರು. ಯಾಕೆಂದು ಆಮೇಲೆ ತಿಳಿಯಿತು. ಫ್ಲೂ ವೈರಸ್ಸಿಗೇ ಕೊಡುವ ಟ್ಯಾಮಿಫ್ಲೂ ಮಾತ್ರೆ 48 ಗಂಟೆಯೊಳಗೆ ಶುರು ಮಾಡಿದರೆ ಜಾಸ್ತಿ ಉಪಯೋಗ, ಕಾಯಿಲೆ ಸುಮಾರು ಒಂದು ದಿನ ಬೇಗ ಇಳಿಯುತ್ತದೆ. ನನಗೆ ಆ ಹೊತ್ತು ದಾಟಿತ್ತು. ಆಸ್ತಮಾ, ಸಕ್ಕರೆ ಕಾಯಿಲೆ ಇರುವವರು ಮತ್ತು ಗರ್ಭಿಣಿಯರು ಮಾತ್ರ ತಡವಾಯಿತು ಅಂತ ಬಿಡಬಾರದು, ಅವರಿಗೆ ಆಮೇಲೂ ಕೊಡುತ್ತಾರೆ. ಆಂಟಿಬಯೋಟಿಕ್ ಕೇಳಿದೆ. ಇದು ವೈರಸ್, ಅದರಿಂದ ಏನೂ ಆಗದು ಎಂದರು.

ಇನ್ನು ಬಿಲ್ಲು. ಡಾಕ್ಟರನ್ನು ನೋಡುವ ಖರ್ಚು ಸೆಮಿಸ್ಟರ್ ಫೀಸಿನಲ್ಲೇ ಸೇರಿತ್ತು! ಬಹಳಷ್ಟು ಕಾಲೇಜುಗಳಲ್ಲಿ ಹೆಲ್ತ್ ಫೀ ಅಂತ ಒಂದು ಸಾಲು ಇರುತ್ತದೆ. ನಾವು ಕಟ್ಟಿರುತ್ತೇವೆ, ಏನದು ಅಂತ ನೋಡಿರುವುದಿಲ್ಲ. ಟೆಸ್ಟು, ಔಷಧಿ ಬೇರೆ ಲೆಕ್ಕ, ಅದಕ್ಕೆ ಇನ್ಶೂರೆನ್ಸ್ ಇದೆ. ನಾನು ಹೆದರಿದ ದೊಡ್ಡ ಬಿಲ್ಲು ಬರುವುದು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ. ಆದರೆ ಉಸಿರಾಟಕ್ಕೆ ಕಷ್ಟ, ಎದೆನೋವು, ಮಾತು ತಡವರಿಸುವುದು, ಇಳಿದ ಜ್ವರ ಮತ್ತೆ ಜೋರಾಗಿ ಏರುವುದು, ಇಷ್ಟರಲ್ಲಿ ಒಂದು ಕಂಡರೂ ದುಡ್ಡಿನ ಯೋಚನೆ ಬೇಡ, ತಕ್ಷಣ ಡಾಕ್ಟರ ಹತ್ತಿರ ಹೋಗಿ, ಉಸಿರಾಟ, ಎದೆ, ಮಾತಿನ ತೊಂದರೆಯಾದರೆ ಇಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಿ.

ಒಂದು ಮಾತು ಒತ್ತಿ ಹೇಳಬೇಕು. ನಮ್ಮ ಪ್ಯಾರಾಸಿಟಮಾಲ್‌ಗೆ ಇಲ್ಲಿ ಅಸಿಟಮಿನೋಫೆನ್ ಎನ್ನುತ್ತಾರೆ, ಟೈಲೆನಾಲ್ ಅಂದರೂ ಅದೇ. ನೆಗಡಿ ಕೆಮ್ಮಿನ ಡೇಕ್ವಿಲ್‌ನಲ್ಲೂ ಅದೇ ಇದೆ. ನಾನು ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತಿದ್ದೆ. ಡೋಸ್ ಮೀರಿದರೆ ಲಿವರ್‌ಗೆ ಪೆಟ್ಟು. ಡಬ್ಬಿಯ ಹಿಂದೆ ಬರೆದದ್ದು ಓದಿ, ದಯವಿಟ್ಟು.

ಮಾತ್ರೆಯಿಲ್ಲದೆ 24 ಗಂಟೆ ಜ್ವರ ಬಾರದಿದ್ದರೆ ಮಾತ್ರ ಕ್ಲಾಸಿಗೆ ಹೋಗು ಎಂದಿದ್ದರು. ಪ್ರೊಫೆಸರಿಗೆ ಮೇಲ್ ಹಾಕಿದೆ, ಸುಲಭವಾಗಿ ಒಪ್ಪಿದರು. ಮನೆಗೆ ಮಾತ್ರ ಹೇಳಿರಲಿಲ್ಲ. ಫೋನಿನಲ್ಲಿ ನನ್ನ ದನಿ ಕೇಳಿಯೇ ಅಮ್ಮನಿಗೆ ಗೊತ್ತಾಯಿತು.

ಮುಂದಿನ ಅಕ್ಟೋಬರ್‌ನಲ್ಲಿ ಕ್ಯಾಂಪಸ್‌ನಲ್ಲೇ ಫ್ಲೂ ಲಸಿಕೆ ಹಾಕಿಸಿಕೊಂಡೆ. ಅದು ಕೆಲಸ ಮಾಡಲು ಸುಮಾರು ಎರಡು ವಾರ ಬೇಕು, ಚಳಿ ಬಲಿಯುವ ತನಕ ಕಾಯಬಾರದು. ಸಾಲಿನಲ್ಲಿ ನನ್ನ ಹಿಂದೆ ರೂಮ್‌ಮೇಟ್ ನಿಂತಿದ್ದ.